ಸರ್ಕಾರಿ ಜಾಲತಾಣದ ಸುಗಮ್ಯತೆ: ನಿಯಮ ತಿಳಿಯುವುದು, ತಾಣ ಪರೀಕ್ಷಿಸುವುದು, ದೂರು ಕೊಡುವುದು

ಇಲಾಖೆಯೊಂದರ ಜಾಲತಾಣವನ್ನು ಕಣ್ಣು ಕಾಣದವರು, ಕಿವಿ ಕೇಳದವರು ಅಥವಾ ಕೈಯಾಡಿಸಲು ಕಷ್ಟಪಡುವವರು ಬಳಸಲಾಗದಿದ್ದರೆ ಅದು ತಾಣ ಕಟ್ಟಿಕೊಟ್ಟ ಕಂಪನಿಯ ತಪ್ಪು ಎಂದು ಕಚೇರಿಗಳಲ್ಲಿ ಸಾಮಾನ್ಯವಾಗಿ ಹೇಳಲಾಗುತ್ತದೆ. ಈ ಮಾತು ಅರ್ಧ ಮಾತ್ರ ನಿಜ. ತಾಣವು ಲೋಕಾರ್ಪಣೆಯ ದಿನ ಎಲ್ಲ ಮಾನದಂಡಗಳಿಗೂ ಸರಿಹೊಂದಿರಬಹುದು. ಆದರೆ ಮರುದಿನದಿಂದ ಅದಕ್ಕೆ ಸೇರುತ್ತ ಹೋಗುವ ಸುತ್ತೋಲೆ, ಆಯ್ಕೆ ಪಟ್ಟಿ, ಅರ್ಜಿ ನಮೂನೆ ಮತ್ತು ಪತ್ರಿಕಾ ಪ್ರಕಟಣೆಗಳನ್ನು ಏರಿಸುವವರು ಕಚೇರಿಯ ಸಿಬ್ಬಂದಿಯೇ, ಮತ್ತು ಬಳಕೆದಾರರು ಹೆಚ್ಚಾಗಿ ಎಡವುವುದು ಅಲ್ಲಿಯೇ. ಆದ್ದರಿಂದ ಸುಗಮ್ಯತೆಯ, ಅಂದರೆ ತಾಣವನ್ನು ವಿಕಲಚೇತನರೂ ಬಳಸುವಂತೆ ಇರಿಸುವುದರ, ಈ ಮಾರ್ಗದರ್ಶಿಯನ್ನು ತಾಣ ನಿರ್ವಹಿಸುವ ಸಿಬ್ಬಂದಿಯನ್ನೂ, ಅಡಚಣೆ ಎದುರಾದಾಗ ಅದನ್ನು ದಾಖಲಿಸಿ ಪರಿಹಾರ ಕೇಳಬೇಕಾದ ನಾಗರಿಕರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ. ಇಲ್ಲಿನ ಪರೀಕ್ಷೆಗಳಿಗೆ ಪ್ರೋಗ್ರಾಮಿಂಗ್ ತಿಳಿದಿರಬೇಕಿಲ್ಲ, ಹಣವನ್ನೂ ಖರ್ಚು ಮಾಡಬೇಕಿಲ್ಲ.

ಹಂತ 1: ಯಾವ ನಿಯಮ ಎಂಬುದನ್ನು ಖಚಿತಪಡಿಸಿಕೊಳ್ಳಿ

ಭಾರತದಲ್ಲಿ ಈ ಹೊಣೆಯ ಬೇರು ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರಲ್ಲಿದೆ. ಇದು 19 ಏಪ್ರಿಲ್ 2017ರಿಂದ ಜಾರಿಯಲ್ಲಿದೆ. ಇದರ 42ನೇ ಕಲಮಿನ ಪ್ರಕಾರ ಧ್ವನಿ, ಮುದ್ರಣ ಮತ್ತು ವಿದ್ಯುನ್ಮಾನ ಮಾಧ್ಯಮಗಳಲ್ಲಿನ ಎಲ್ಲ ವಿಷಯವೂ ವಿಕಲಚೇತನರು ಬಳಸಬಲ್ಲ ರೂಪದಲ್ಲಿ ಸಿಗುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು. 46ನೇ ಕಲಮು ಸೇವೆ ನೀಡುವ ಸರ್ಕಾರಿ ಮತ್ತು ಖಾಸಗಿ ಸಂಸ್ಥೆಗಳೆರಡಕ್ಕೂ ನಿಯಮ ಪಾಲನೆಗೆ ಎರಡು ವರ್ಷಗಳ ಗಡುವು ಹಾಕಿದೆ. 89ನೇ ಕಲಮಿನಡಿ ಮೊದಲ ಉಲ್ಲಂಘನೆಗೆ 10,000 ರೂಪಾಯಿವರೆಗೆ, ನಂತರದ ಪ್ರತಿ ಉಲ್ಲಂಘನೆಗೆ 50,000 ರೂಪಾಯಿಗೆ ಕಡಿಮೆಯಿಲ್ಲದಂತೆ 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಕಾನೂನು ಏನು ಮಾಡಬೇಕೆಂದು ಹೇಳಿದರೆ, ಹೇಗೆ ಮಾಡಬೇಕೆಂಬುದನ್ನು ಮಾನದಂಡಗಳು ಹೇಳುತ್ತವೆ. ಸರ್ಕಾರಿ ತಾಣಗಳಿಗೆ ಮುಖ್ಯವಾದದ್ದು ಭಾರತ ಸರ್ಕಾರದ ಜಾಲತಾಣಗಳ ಮಾರ್ಗಸೂಚಿ, ಅಂದರೆ ಜಿಐಜಿಡಬ್ಲ್ಯು. ಮೊದಲ ಬಾರಿಗೆ 2009ರಲ್ಲಿ ಬಂದ ಈ ಮಾರ್ಗಸೂಚಿಯ ಮೂರನೇ ಆವೃತ್ತಿ 2023ರದು, ಮತ್ತು ಅದು ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಅಂತರರಾಷ್ಟ್ರೀಯ ಸುಗಮ್ಯತಾ ಮಾನದಂಡವಾದ ಡಬ್ಲ್ಯುಸಿಎಜಿ 2.1ರ ‘ಎಎ’ ಮಟ್ಟವನ್ನು ಅನುಸರಿಸುತ್ತದೆ. ಕನಿಷ್ಠ ಮಟ್ಟವಾದ ‘ಎ’ ಮತ್ತು ಅದಕ್ಕಿಂತ ಕಟ್ಟುನಿಟ್ಟಾದ ‘ಎಎ’ ಮಟ್ಟಗಳೆರಡನ್ನೂ ಸೇರಿಸಿದರೆ ಪೂರೈಸಬೇಕಾದ ಅಂಶಗಳು ಒಟ್ಟು 50 ಆಗುತ್ತವೆ. ಇದರ ಜೊತೆಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 17802 ಎಂಬ ಮಾನಕವನ್ನು 2023ರ ತಿದ್ದುಪಡಿಯ ಮೂಲಕ ಈ ಅಧಿನಿಯಮದಡಿಯ 2017ರ ನಿಯಮಗಳಿಗೆ ಸೇರಿಸಲಾಗಿದೆ.

ಇವೆಲ್ಲ ಬರೀ ಸಲಹೆಗಳು ಎಂದು ವಾದಿಸುವವರು ಇನ್ನೂ ಇದ್ದಾರೆ. ಅವರಿಗೆ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ತೋರಿಸಬಹುದು. ರಾಜೀವ್ ರತೂರಿ ಪ್ರಕರಣದಲ್ಲಿ 8 ನವೆಂಬರ್ 2024ರಂದು ನ್ಯಾಯಾಲಯವು, ಕಾನೂನು ಕಡ್ಡಾಯ ಮಾಡಿದ್ದನ್ನು ನಿಯಮಗಳು ಐಚ್ಛಿಕ ಮಾರ್ಗಸೂಚಿಯ ಮಟ್ಟಕ್ಕೆ ಇಳಿಸುವಂತಿಲ್ಲ ಎಂದು ಹೇಳಿ, 2017ರ ನಿಯಮಗಳ 15(1)ನೇ ನಿಯಮವನ್ನು ಅಧಿನಿಯಮಕ್ಕೆ ವಿರುದ್ಧವೆಂದು ಘೋಷಿಸಿತು ಮತ್ತು ಕಡ್ಡಾಯ ನಿಯಮಗಳನ್ನು ಮೂರು ತಿಂಗಳಲ್ಲಿ ರೂಪಿಸುವಂತೆ ಕೇಂದ್ರಕ್ಕೆ ನಿರ್ದೇಶಿಸಿತು. ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ 30 ಏಪ್ರಿಲ್ 2025ರಂದು, ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. ಕಣ್ಣು ಮಿಟುಕಿಸಿದರೆ ಮಾತ್ರ ‘ಜೀವಂತ ವ್ಯಕ್ತಿ’ ಎಂದು ಒಪ್ಪುವ ಗುರುತು ಪರಿಶೀಲನೆ, ಆಸಿಡ್ ದಾಳಿಯಲ್ಲಿ ಮುಖ ಮತ್ತು ಕಣ್ಣುಗಳಿಗೆ ಗಾಯವಾದವರನ್ನು ಹೊರಗಿಡುತ್ತದೆ ಎಂಬ ದೂರು ಈ ಪ್ರಕರಣದಲ್ಲಿತ್ತು.

ಹಂತ 2: ಮೌಸ್ ಬದಿಗಿಟ್ಟು ತಾಣವನ್ನು ಬಳಸಿ ನೋಡಿ

ಪರೀಕ್ಷೆಯನ್ನು ಇಲ್ಲಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಇದಕ್ಕೆ ಯಾವ ತಂತ್ರಾಂಶವೂ ಬೇಡ. ತಾಣದ ಮುಖಪುಟ ತೆರೆದು ಟ್ಯಾಬ್ ಕೀಲಿಯನ್ನು ಒತ್ತುತ್ತ ಹೋಗಿ. ಹಿಂದಕ್ಕೆ ಬರಲು ಶಿಫ್ಟ್ ಹಿಡಿದು ಟ್ಯಾಬ್ ಒತ್ತಿ. ಪ್ರತಿ ಒತ್ತಿಗೂ ನೀವು ಯಾವ ಲಿಂಕ್ ಅಥವಾ ಗುಂಡಿಯ ಮೇಲಿದ್ದೀರಿ ಎಂಬುದು ಸ್ಪಷ್ಟವಾದ ಚೌಕಟ್ಟಿನಿಂದ ಕಾಣಬೇಕು. ‘ಅಂದಗೆಡುತ್ತದೆ’ ಎಂಬ ಕಾರಣಕ್ಕೆ ಆ ಚೌಕಟ್ಟನ್ನು ತೆಗೆದುಹಾಕಿರುವ ತಾಣಗಳು ಬಹಳ. ಮೌಸ್ ಹಿಡಿಯಲಾಗದವರಿಗೆ ಆ ಚೌಕಟ್ಟೇ ದಿಕ್ಕು.

ಮೊದಲ ಟ್ಯಾಬಿಗೇ ‘ಮುಖ್ಯ ವಿಷಯಕ್ಕೆ ಹೋಗಿ’ ಎಂಬ ಲಿಂಕ್ ಸಿಗಬೇಕು, ಮತ್ತು ಅದನ್ನು ಒತ್ತಿದಾಗ ನಿಜವಾಗಿಯೂ ಮುಖ್ಯ ವಿಷಯಕ್ಕೆ ಹೋಗಬೇಕು. ಲಿಂಕ್ ಇದೆ, ಎಲ್ಲಿಗೂ ಕರೆದೊಯ್ಯುವುದಿಲ್ಲ ಎಂಬ ಸ್ಥಿತಿ ಅಪರೂಪವಲ್ಲ. ಮುಂದೆ ಮೆನುಗಳು ಕೀಬೋರ್ಡಿನಿಂದ ತೆರೆಯುತ್ತವೆಯೇ, ಮಧ್ಯದಲ್ಲಿ ಜಿಗಿದು ಬರುವ ಪ್ರಕಟಣೆಯ ಕಿಟಕಿಯನ್ನು ಎಸ್ಕೇಪ್ ಕೀಲಿಯಿಂದ ಮುಚ್ಚಬಹುದೇ, ದಿನಾಂಕ ಆರಿಸುವ ಕ್ಯಾಲೆಂಡರಿನೊಳಗೆ ಹೋಗಿ ಹೊರಬರಬಹುದೇ ಎಂದು ನೋಡಿ. ಜನ್ಮದಿನಾಂಕವನ್ನು ನೇರವಾಗಿ ಟೈಪ್ ಮಾಡಲು ಬಿಡದೆ, ಕ್ಯಾಲೆಂಡರಿನಲ್ಲಿ ತಿಂಗಳು ತಿಂಗಳಾಗಿ ಹಿಂದೆ ಸರಿಯುವಂತೆ ಮಾಡಿದ್ದರೆ ಅದು ಎಲ್ಲರಿಗೂ ಕಿರಿಕಿರಿ, ಕೆಲವರಿಗೆ ಪೂರ್ಣವಿರಾಮ. ಎಲ್ಲಿ ಸಿಕ್ಕಿಕೊಂಡಿರಿ ಎಂಬುದನ್ನು ಪುಟದ ವಿಳಾಸದೊಂದಿಗೆ ಬರೆದಿಟ್ಟುಕೊಳ್ಳಿ.

ಹಂತ 3: ತಾಣವನ್ನು ಕಿವಿಯಿಂದ ಓದಿ

ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಪರದೆಯ ಮೇಲಿರುವುದನ್ನು ಧ್ವನಿಯಾಗಿ ಓದಿ ಹೇಳುತ್ತದೆ. ವಿಂಡೋಸ್ ಗಣಕಕ್ಕೆ ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ, ಅದರ ಜೊತೆಗೇ ಬರುವ ಇಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್ ಮೊದಲೇ ಇರುತ್ತವೆ. ಎನ್‌ವಿಡಿಎ ಚಾಲೂ ಮಾಡಿದ ನಂತರ ಪುಟದಲ್ಲಿ ‘ಎಚ್’ ಕೀಲಿ ಒತ್ತಿದರೆ ಒಂದು ಶೀರ್ಷಿಕೆಯಿಂದ ಮತ್ತೊಂದಕ್ಕೆ, ‘ಕೆ’ ಒತ್ತಿದರೆ ಲಿಂಕಿನಿಂದ ಲಿಂಕಿಗೆ, ‘ಜಿ’ ಒತ್ತಿದರೆ ಚಿತ್ರದಿಂದ ಚಿತ್ರಕ್ಕೆ, ‘ಎಫ್’ ಒತ್ತಿದರೆ ಅರ್ಜಿಯ ಒಂದು ಖಾನೆಯಿಂದ ಇನ್ನೊಂದಕ್ಕೆ ಹೋಗಬಹುದು. ಮಾತು ನಿಲ್ಲಿಸಲು ಕಂಟ್ರೋಲ್ ಕೀಲಿ ಸಾಕು. ಪುಟವನ್ನು ಮೊದಲಿನಿಂದ ಕೊನೆಯವರೆಗೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಕಣ್ಣಿರುವವರು ಪುಟದ ಮೇಲೆ ದೃಷ್ಟಿ ಹಾಯಿಸುವಂತೆ ಅವರು ಈ ಕೀಲಿಗಳಿಂದ ಹಾರುತ್ತ ಹೋಗುತ್ತಾರೆ. ಆದ್ದರಿಂದಲೇ ಅಕ್ಷರವನ್ನು ದಪ್ಪ ಮಾಡಿ ಶೀರ್ಷಿಕೆಯಂತೆ ಕಾಣಿಸಿದರೆ ಸಾಲದು, ಅದನ್ನು ಶೀರ್ಷಿಕೆಯೆಂದು ಗುರುತಿಸಿರಬೇಕು.

ಮುಖ್ಯವಾಗಿ ಮೂರು ಸಂಗತಿಗಳನ್ನು ಕೇಳಿಸಿಕೊಳ್ಳಿ. ಲಿಂಕುಗಳ ಪಟ್ಟಿ ‘ಇಲ್ಲಿ ಕ್ಲಿಕ್ ಮಾಡಿ, ಲಿಂಕ್, ಇಲ್ಲಿ ಕ್ಲಿಕ್ ಮಾಡಿ, ಲಿಂಕ್, ವೀಕ್ಷಿಸಿ, ಲಿಂಕ್’ ಎಂದು ಸಾಗಿದರೆ ಯಾವುದು ವಿದ್ಯಾರ್ಥಿವೇತನದ ಅರ್ಜಿ, ಯಾವುದು ಟೆಂಡರ್ ಪ್ರಕಟಣೆ ಎಂದು ತಿಳಿಯುವುದಿಲ್ಲ. ‘ವಿದ್ಯಾರ್ಥಿವೇತನ ಅರ್ಜಿ ನಮೂನೆ, ಪಿಡಿಎಫ್, ಕನ್ನಡ’ ಎಂದು ಲಿಂಕಿನಲ್ಲೇ ಬರೆದರೆ ಕೆಲಸ ಮುಗಿಯಿತು. ಎರಡನೆಯದು ಚಿತ್ರಗಳ ಪರ್ಯಾಯ ಪಠ್ಯ, ಅಂದರೆ ಚಿತ್ರದ ಬದಲು ಸ್ಕ್ರೀನ್ ರೀಡರ್ ಓದಿ ಹೇಳಲೆಂದು ಬರೆದಿಡುವ ವಿವರಣೆ. ಯೋಜನೆಯೊಂದರ ಅರ್ಹತೆ, ಕೊನೆಯ ದಿನಾಂಕ, ಸಹಾಯವಾಣಿ ಸಂಖ್ಯೆಗಳೆಲ್ಲ ಇರುವ ಬಣ್ಣದ ಭಿತ್ತಿಪತ್ರವನ್ನು ಏರಿಸಿ ಪರ್ಯಾಯ ಪಠ್ಯದ ಖಾನೆಯನ್ನು ಖಾಲಿ ಬಿಟ್ಟಾಗ ಸ್ಕ್ರೀನ್ ರೀಡರ್ ಏನೂ ಹೇಳದೆ ಮುಂದೆ ಹೋಗಬಹುದು, ಇಲ್ಲವೇ ಕಡತದ ಹೆಸರಿನ ಅಂಕಿಗಳನ್ನು ಒಂದೊಂದಾಗಿ ಉಚ್ಚರಿಸಬಹುದು. ಅಲ್ಲಿ ‘ಭಿತ್ತಿಪತ್ರ’ ಎಂದಷ್ಟೇ ಬರೆಯುವುದೂ ವ್ಯರ್ಥ. ಚಿತ್ರದಲ್ಲಿರುವ ಮಾಹಿತಿಯನ್ನೆಲ್ಲ ಪುಟದಲ್ಲಿ ಅಕ್ಷರಗಳಾಗಿ ಕೊಟ್ಟು, ಪರ್ಯಾಯ ಪಠ್ಯದಲ್ಲಿ ಒಂದು ಸಾಲಿನ ವಿವರಣೆ ಬರೆಯಬೇಕು. ಬರೀ ಅಲಂಕಾರಕ್ಕಿರುವ ಚಿತ್ರವಾದರೆ ಅದನ್ನು ಅಲಂಕಾರವೆಂದು ಗುರುತಿಸಿ ಪಠ್ಯವನ್ನು ಖಾಲಿ ಬಿಡುವುದೇ ಸರಿ.

ಮೂರನೆಯದು ಪುಟದ ಭಾಷಾ ಗುರುತು. ಪುಟದ ಒಳಗಿನ ಕೋಡಿನಲ್ಲಿ ಭಾಷೆ ಕನ್ನಡವೆಂದು ನಮೂದಿಸಿರದಿದ್ದರೆ ಸ್ಕ್ರೀನ್ ರೀಡರ್ ಕನ್ನಡ ಪಠ್ಯವನ್ನು ಇಂಗ್ಲಿಷ್ ಧ್ವನಿಯಿಂದ ಓದಲು ಹೋಗಿ ತಡವರಿಸುತ್ತದೆ ಅಥವಾ ಸುಮ್ಮನಾಗುತ್ತದೆ. ಇಂಗ್ಲಿಷ್ ಪುಟದ ಅಚ್ಚನ್ನೇ ನಕಲು ಮಾಡಿ ಕನ್ನಡ ಆವೃತ್ತಿ ತಯಾರಿಸುವಾಗ ಹಳೆಯ ಗುರುತು ಹಾಗೇ ಉಳಿದುಬಿಡುತ್ತದೆ. ತಾಣದ ತಾಂತ್ರಿಕ ತಂಡಕ್ಕೆ ಇದನ್ನು ಸರಿಪಡಿಸುವುದು ಕೆಲವೇ ನಿಮಿಷಗಳ ಕೆಲಸ.

ಹಂತ 4: ದಾಖಲೆಗಳನ್ನು ಓದಿಸಿ ನೋಡಿ

ಸರ್ಕಾರಿ ತಾಣಗಳಲ್ಲಿ ಜನರಿಗೆ ನಿಜಕ್ಕೂ ಬೇಕಾದ ಮಾಹಿತಿ ಇರುವುದು ಪುಟಗಳಲ್ಲಿ ಅಲ್ಲ, ಪಿಡಿಎಫ್‌ಗಳಲ್ಲಿ. ಜಾಲತಾಣಕ್ಕೆ ಹಾಕುವ ದಾಖಲೆಗಳು ಇಪಬ್ (ಇ-ಪುಸ್ತಕದ ಕಡತ ರೂಪ) ಅಥವಾ ಅಕ್ಷರ ಗುರುತಿಸಿದ, ಅಂದರೆ ಓಸಿಆರ್ ಆಧಾರಿತ ಪಿಡಿಎಫ್ ರೂಪದಲ್ಲಿರಬೇಕು ಎಂದು 2017ರ ನಿಯಮಗಳೇ ಹೇಳಿದ್ದವು. ಆದರೂ ಆದೇಶವನ್ನು ಗಣಕದಲ್ಲಿ ಟೈಪ್ ಮಾಡಿ, ಮುದ್ರಿಸಿ, ಸಹಿ ಮತ್ತು ಮೊಹರು ಹಾಕಿಸಿ, ಮತ್ತೆ ಸ್ಕ್ಯಾನ್ ಮಾಡಿ ಏರಿಸುವ ಪದ್ಧತಿ ಬಲವಾಗಿ ಉಳಿದಿದೆ. ಗಣಕದಲ್ಲಿ ಅಕ್ಷರವಾಗಿದ್ದದ್ದು ಈ ಸುತ್ತಾಟದಲ್ಲಿ ಚಿತ್ರವಾಗುತ್ತದೆ, ಮತ್ತು ಸ್ಕ್ರೀನ್ ರೀಡರ್ ಅದನ್ನು ಖಾಲಿ ದಾಖಲೆ ಎನ್ನುತ್ತದೆ.

ಪರೀಕ್ಷೆ ಸರಳ. ಪಿಡಿಎಫ್ ತೆರೆದು ಕಣ್ಣಿಗೆ ಕಾಣುವ ಒಂದು ಪದವನ್ನು ಹುಡುಕಿ. ನಂತರ ಒಂದು ಪ್ಯಾರಾ ಆಯ್ದು ನಕಲು ಮಾಡಿ ನೋಟ್‌ಪ್ಯಾಡಿನಲ್ಲಿ ಅಂಟಿಸಿ. ಏನೂ ಆಯ್ಕೆಯಾಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಅಂಟಿಸಿದಾಗ ಕನ್ನಡದ ಬದಲು ತಲೆಯ ಮೇಲೆ ಚಿಹ್ನೆಗಳಿರುವ ಇಂಗ್ಲಿಷ್ ಅಕ್ಷರಗಳ ಗೋಜಲು ಬಂದರೆ, ಅದು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಟೈಪಾಗಿದೆ ಎಂದರ್ಥ. ಯೂನಿಕೋಡ್ ಎಂದರೆ ಪ್ರತಿ ಕನ್ನಡ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡುವ ವ್ಯವಸ್ಥೆ. ಅಂಥ ಕಡತದಲ್ಲಿ ಗಣಕಕ್ಕೆ ಗೊತ್ತಿರುವುದು ಇಂಗ್ಲಿಷ್ ಸಂಕೇತಗಳು ಮಾತ್ರ. ಕನ್ನಡದ ರೂಪ ಫಾಂಟಿನ ಹೊದಿಕೆ. ಪರದೆಯ ಮೇಲೆ ‘ಕರ್ನಾಟಕ ಸರ್ಕಾರ’ ಎಂದು ಕಾಣುವುದನ್ನು ಸ್ಕ್ರೀನ್ ರೀಡರ್ ಅರ್ಥವಿಲ್ಲದ ಅಕ್ಷರಗಳಾಗಿ ಓದುತ್ತದೆ, ಹುಡುಕಾಟದಲ್ಲೂ ಅದು ಸಿಗುವುದಿಲ್ಲ. ಕನ್ನಡದ ದಾಖಲೆಗಳಲ್ಲಿ ಇದರಷ್ಟು ದೊಡ್ಡ ಅಡ್ಡಿ ಬೇರೊಂದಿಲ್ಲವೆಂದು ನನಗನಿಸುತ್ತದೆ, ಮತ್ತು ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟು ತಯಾರಾದ ಸ್ವಯಂಚಾಲಿತ ಪರೀಕ್ಷಾ ಸಾಧನಗಳು ಇದನ್ನು ದೋಷವೆಂದು ಗುರುತಿಸುವುದೇ ಇಲ್ಲ.

ಸಿಬ್ಬಂದಿ ಅನುಸರಿಸಬೇಕಾದ ಕ್ರಮ ಹೀಗಿದೆ. ಟೈಪ್ ಮಾಡುವುದನ್ನು ಆರಂಭದಿಂದಲೇ ಯೂನಿಕೋಡಿನಲ್ಲಿ ಮಾಡಿ. ಕೀಲಿಮಣೆಯ ವಿನ್ಯಾಸ ಬದಲಿಸಬೇಕಿಲ್ಲ, ತಂತ್ರಾಂಶದಲ್ಲಿ ಯೂನಿಕೋಡ್ ಆಯ್ಕೆ ಮಾಡಿಕೊಂಡರಾಯಿತು. ಹಳೆಯ ಕಡತಗಳಿದ್ದರೆ ಪರಿವರ್ತಕದಿಂದ ಯೂನಿಕೋಡಿಗೆ ತಂದು, ಒತ್ತಕ್ಷರ ಮತ್ತು ಅಂಕಿಗಳನ್ನು ಒಮ್ಮೆ ಕಣ್ಣಾರೆ ತಾಳೆ ನೋಡಿ. ವರ್ಡ್‌ನಲ್ಲಿ ಶೀರ್ಷಿಕೆಗಳಿಗೆ ಹೆಡಿಂಗ್ ಶೈಲಿಗಳನ್ನು ಬಳಸಿ, ಕೋಷ್ಟಕದ ಮೊದಲ ಸಾಲನ್ನು ತಲೆಸಾಲು ಎಂದು ಗುರುತಿಸಿ, ಚಿತ್ರಗಳಿಗೆ ಪರ್ಯಾಯ ಪಠ್ಯ ಕೊಡಿ, ರಿವ್ಯೂ ಪಟ್ಟಿಯಲ್ಲಿರುವ ಸುಗಮ್ಯತೆ ತಪಾಸಣೆಯನ್ನು ಓಡಿಸಿ. ಪಿಡಿಎಫ್ ಮಾಡುವಾಗ ಪ್ರಿಂಟ್ ಆಜ್ಞೆಯ ಮೂಲಕ ಮಾಡಬೇಡಿ, ಅದರಿಂದ ಒಳಗಿನ ಗುರುತುಗಳೆಲ್ಲ ಅಳಿಸಿಹೋಗುತ್ತವೆ; ಸೇವ್ ಆ್ಯಸ್ ಮೂಲಕ ಉಳಿಸಿ, ಆಯ್ಕೆಗಳಲ್ಲಿ ದಾಖಲೆಯ ರಚನೆಯ ಟ್ಯಾಗ್‌ಗಳನ್ನು ಉಳಿಸುವ ಗುರುತು ಹಾಕಿರುವುದನ್ನು ಖಚಿತಪಡಿಸಿಕೊಳ್ಳಿ. ಇಷ್ಟೆಲ್ಲ ಮಾಡಿದರೂ ಕೆಲವು ಕನ್ನಡ ಪಿಡಿಎಫ್‌ಗಳಲ್ಲಿ ಒತ್ತಕ್ಷರಗಳು ಅದಲುಬದಲಾಗುತ್ತವೆ, ಏಕೆಂದರೆ ಪಿಡಿಎಫ್ ಅಕ್ಷರಗಳ ಆಕಾರವನ್ನು ಉಳಿಸಿಕೊಳ್ಳುವಷ್ಟು ನಿಷ್ಠೆಯಿಂದ ಅವುಗಳ ಕ್ರಮವನ್ನು ಉಳಿಸಿಕೊಳ್ಳುವುದಿಲ್ಲ. ಆದ್ದರಿಂದ ಮುಖ್ಯ ಆದೇಶಗಳ ಪಠ್ಯವನ್ನು ಸಾಮಾನ್ಯ ವೆಬ್ ಪುಟವಾಗಿಯೋ ಇಪಬ್ ಆಗಿಯೋ ಜೊತೆಗೆ ಕೊಡುವುದು ಹೆಚ್ಚು ಸುರಕ್ಷಿತ.

ಸಹಿಯ ಪ್ರಶ್ನೆಗೂ ಪರಿಹಾರವಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಪ್ರಕಾರ ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ಇದೆ, ಹಾಗಾಗಿ ಡಿಜಿಟಲ್ ಸಹಿ ಹಾಕಿದ ಮೂಲ ಕಡತವನ್ನೇ ಪ್ರಕಟಿಸಬಹುದು. ಶಾಯಿ ಸಹಿಯ ಪ್ರತಿಯನ್ನೇ ತೋರಿಸಬೇಕೆಂದಿದ್ದರೆ ಅದರ ಪಕ್ಕದಲ್ಲಿ ಪಠ್ಯರೂಪದ ಪ್ರತಿಯನ್ನೂ ಇಡಬೇಕು.

ಆಯ್ಕೆ ಪಟ್ಟಿ ಮತ್ತು ಫಲಾನುಭವಿಗಳ ಪಟ್ಟಿಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ತಲೆಸಾಲು ಗುರುತಿಸದ ಕೋಷ್ಟಕದಲ್ಲಿ ಕೇಳುಗನಿಗೆ ಸಿಗುವುದು ‘14, 62, 3, ಇಲ್ಲ, 41’ ಎಂಬ ಅಂಕಿಗಳ ಸಾಲು ಮಾತ್ರ. ತಲೆಸಾಲು ಇದ್ದರೆ ‘ಕ್ರಮ ಸಂಖ್ಯೆ 14, ಅಂಕ 62, ವರ್ಗ 3’ ಎಂದು ಕೇಳಿಸುತ್ತದೆ. ಖಾನೆಗಳನ್ನು ಅಡ್ಡಡ್ಡ ಜೋಡಿಸಿ ಒಂದಾಗಿಸುವ ಅಭ್ಯಾಸವನ್ನು ಬಿಟ್ಟುಬಿಡಿ.

ಹಂತ 5: ಬಣ್ಣ, ಗಾತ್ರ, ವಿಡಿಯೊ

ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಕಾಂಟ್ರಾಸ್ಟ್, ಅಂದರೆ ಹೊಳಪಿನ ವ್ಯತ್ಯಾಸ, ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ 3:1 ಇರಬೇಕು. ಅಳೆಯುವ ಉಚಿತ ಸಾಧನಗಳಿವೆ. ಸರ್ಕಾರಿ ತಾಣಗಳಿಗೆ ಪ್ರಿಯವಾದ ಕೇಸರಿ ಪಟ್ಟಿಯ ಮೇಲಿನ ಬಿಳಿ ಅಕ್ಷರವನ್ನು ಮೊದಲು ಅಳೆಯಿರಿ, ರಾಷ್ಟ್ರಧ್ವಜದ ಕೇಸರಿಯಂಥ ಛಾಯೆಯಲ್ಲಿ ಅದು 3:1ನ್ನೂ ಮುಟ್ಟುವುದಿಲ್ಲ. ಬ್ರೌಸರಿನಲ್ಲಿ ಅಕ್ಷರವನ್ನು 200 ಪ್ರತಿಶತಕ್ಕೆ ಹಿಗ್ಗಿಸಿದಾಗ ಯಾವುದೂ ಕತ್ತರಿಸಿಹೋಗಬಾರದು. ಬಣ್ಣ ಮಾತ್ರವೇ ಅರ್ಥ ಹೇಳುವಂತೆ, ಉದಾಹರಣೆಗೆ ‘ಕೆಂಪು ಖಾನೆಗಳು ಕಡ್ಡಾಯ’ ಎಂಬಂತೆ, ಇರಬಾರದು. ವಿಡಿಯೊಗಳಿಗೆ ಮಾತನ್ನು ಅಕ್ಷರಗಳಲ್ಲಿ ತೋರಿಸುವ ಶೀರ್ಷಿಕಾ ಪಠ್ಯ ಬೇಕು, ಮತ್ತು ದೃಶ್ಯದಲ್ಲಷ್ಟೇ ತೋರಿಸುವ ಮಾಹಿತಿಯನ್ನು ಮಾತಿನಲ್ಲೂ ಹೇಳಬೇಕು. ತಾನಾಗಿ ತಯಾರಾದ ಕನ್ನಡ ಶೀರ್ಷಿಕಾ ಪಠ್ಯವನ್ನು ತಿದ್ದದೆ ಹಾಕಬೇಡಿ.

ತಾಣದ ಮೇಲ್ತುದಿಯಲ್ಲಿ ಅಕ್ಷರ ದೊಡ್ಡದು, ಚಿಕ್ಕದು ಮಾಡುವ ಗುಂಡಿಗಳನ್ನಿಟ್ಟು ಸುಗಮ್ಯತೆ ಸಾಧಿಸಿದೆವೆಂದು ಭಾವಿಸುವವರಿದ್ದಾರೆ. ಬ್ರೌಸರು ಮೊದಲೇ ಮಾಡುವ ಕೆಲಸ ಅದು. ಸ್ಕ್ಯಾನ್ ಮಾಡಿದ ಪಿಡಿಎಫನ್ನು ಅದು ಓದಿಸಲಾರದು.

ಹಂತ 6: ಒಂದು ಅರ್ಜಿಯನ್ನು ಕೊನೆಯವರೆಗೆ ತುಂಬಿ

ಪುಟಗಳನ್ನು ಬಿಡಿಬಿಡಿಯಾಗಿ ನೋಡುವುದಕ್ಕಿಂತ ಒಂದು ಸೇವೆಯನ್ನು ಆರಂಭದಿಂದ ಸ್ವೀಕೃತಿ ಸಂಖ್ಯೆಯವರೆಗೆ ಸ್ಕ್ರೀನ್ ರೀಡರಿನೊಂದಿಗೆ ನಡೆಸಿ ನೋಡಿದರೆ ಹೆಚ್ಚು ತಿಳಿಯುತ್ತದೆ. ಪ್ರತಿ ಖಾನೆಗೆ ಬಂದಾಗ ಅದರ ಹೆಸರು ಕೇಳಿಸಬೇಕು. ‘ಎಡಿಟ್, ಖಾಲಿ’ ಎಂದಷ್ಟೇ ಕೇಳಿಸಿದರೆ ಅಲ್ಲಿ ತಂದೆಯ ಹೆಸರು ಬರೆಯಬೇಕೋ ಪಿನ್ ಕೋಡ್ ಬರೆಯಬೇಕೋ ತಿಳಿಯದು. ತಪ್ಪಾದಾಗ ಯಾವ ಖಾನೆಯಲ್ಲಿ ಏನು ತಪ್ಪು ಎಂಬುದು ಅಕ್ಷರಗಳಲ್ಲಿ ಬರಬೇಕು, ಖಾನೆಯ ಅಂಚು ಕೆಂಪಾದರೆ ಸಾಲದು. ಚಿತ್ರದ ಕ್ಯಾಪ್ಚಾ ಇದ್ದರೆ ಧ್ವನಿ ಅಥವಾ ಬೇರೆ ರೂಪದ ಪರ್ಯಾಯವಿರಬೇಕು, ಮತ್ತು ಆ ಧ್ವನಿ ಬಳಕೆದಾರರಿಗೆ ಅರ್ಥವಾಗುವಂತಿರಬೇಕು. ಒಟಿಪಿ ತುಂಬಲು ಅಥವಾ ಪುಟದ ಅವಧಿ ಮುಗಿಯಲು ಸಮಯದ ಮಿತಿ ಇದ್ದಾಗ ಮುಂಚಿತವಾಗಿ ಎಚ್ಚರಿಸಿ, ಸರಳವಾದ ಒಂದು ಒತ್ತಿನಿಂದ ಅವಧಿ ವಿಸ್ತರಿಸಲು ಅವಕಾಶ ಕೊಡುವುದು ಮಾನದಂಡದ ಸಾಮಾನ್ಯ ನಿಯಮ; ಅದಕ್ಕೆ ಕನಿಷ್ಠ 20 ಸೆಕೆಂಡು ಕೊಡಬೇಕು.

ಹಂತ 7: ಗುತ್ತಿಗೆಯಲ್ಲೇ ಬರೆಸಿಕೊಳ್ಳಿ

ತಾಣ ಅಥವಾ ಆ್ಯಪ್‌ಗೆ ಟೆಂಡರ್ ಕರೆಯುವಾಗ ‘ಸುಗಮ್ಯವಾಗಿರಬೇಕು’ ಎಂಬ ಒಂದು ಪದ ಸಾಲದು. ಜಿಐಜಿಡಬ್ಲ್ಯು 3.0, ಡಬ್ಲ್ಯುಸಿಎಜಿ 2.1 ‘ಎಎ’ ಮತ್ತು ಐಎಸ್ 17802 ಎಂದು ಹೆಸರಿಸಿ, ವಿಕಲಚೇತನ ಬಳಕೆದಾರರಿಂದ ಪರೀಕ್ಷೆ ಮಾಡಿಸಿದ ವರದಿಯನ್ನು ಕೊನೆಯ ಕಂತಿನ ಪಾವತಿಗೆ ಷರತ್ತಾಗಿಸಬೇಕು. ಎಸ್‌ಟಿಕ್ಯುಸಿ ಎಂಬ ಕೇಂದ್ರ ಸರ್ಕಾರದ ಗುಣಮಟ್ಟ ತಪಾಸಣಾ ನಿರ್ದೇಶನಾಲಯದಿಂದ ಪ್ರಮಾಣಪತ್ರ ಪಡೆಯುವ ವ್ಯವಸ್ಥೆ ಇದೆ, ಪಡೆಯಿರಿ. ಆದರೆ ಪ್ರಮಾಣಪತ್ರದ ನಂತರ ಏರಿಸಿದ ಪ್ರತಿ ದಾಖಲೆಗೂ ಅದು ಅನ್ವಯಿಸುತ್ತದೆಂದು ತಿಳಿಯಬೇಡಿ. ಏರಿಸುವ ಮುನ್ನ ನಾಲ್ಕನೇ ಹಂತದ ನೋಟ್‌ಪ್ಯಾಡ್ ಪರೀಕ್ಷೆ ಮಾಡದ ಕಡತವನ್ನು ಸ್ವೀಕರಿಸಬಾರದೆಂದು ಕಚೇರಿ ಆದೇಶವೊಂದನ್ನು ಹೊರಡಿಸುವುದು ಇದಕ್ಕಿಂತ ಅಗ್ಗ ಮತ್ತು ಹೆಚ್ಚು ಪರಿಣಾಮಕಾರಿ.

ಹಂತ 8: ಅಡಚಣೆ ಎದುರಾದರೆ ದೂರು ಕೊಡುವ ಕ್ರಮ

‘ತಾಣ ಕೆಲಸ ಮಾಡುತ್ತಿಲ್ಲ’ ಎಂಬ ದೂರಿಗೆ ‘ಇಲ್ಲಿ ಸರಿಯಾಗಿದೆ’ ಎಂಬ ಉತ್ತರ ಬರುತ್ತದೆ. ದೂರಿನಲ್ಲಿ ಪುಟದ ಪೂರ್ಣ ವಿಳಾಸ, ದಿನಾಂಕ ಮತ್ತು ಸಮಯ, ಬಳಸಿದ ಸಾಧನ, ಬ್ರೌಸರ್ ಮತ್ತು ಸ್ಕ್ರೀನ್ ರೀಡರ್, ಮಾಡಲು ಹೊರಟ ಕೆಲಸ, ಎಲ್ಲಿ ನಿಂತಿತು ಎಂಬುದನ್ನು ಬರೆಯಿರಿ. ಉದಾಹರಣೆಗೆ: ‘ಅರ್ಜಿಯ ಮೂರನೇ ಪುಟದಲ್ಲಿ ಜಿಲ್ಲೆ ಆರಿಸುವ ಪಟ್ಟಿ ಕೀಬೋರ್ಡಿನಿಂದ ತೆರೆಯುವುದಿಲ್ಲ; ಎನ್‌ವಿಡಿಎ ಅದನ್ನು ಗುಂಡಿ ಎಂದು ಮಾತ್ರ ಓದುತ್ತದೆ; ಆದ್ದರಿಂದ ಅರ್ಜಿ ಸಲ್ಲಿಸಲಾಗಿಲ್ಲ.’ ಪರದೆಯ ಚಿತ್ರ ಅಥವಾ ಧ್ವನಿಯ ಮುದ್ರಣ ಲಗತ್ತಿಸಿ. ಕೇಳುವ ಪರಿಹಾರವನ್ನು ಎರಡು ಭಾಗ ಮಾಡಿ: ದೋಷ ಸರಿಪಡಿಸುವುದು ಒಂದು, ಅದು ಆಗುವವರೆಗೆ ನಿಮ್ಮ ಅರ್ಜಿಯನ್ನು ಕಾಗದದಲ್ಲಿ ಅಥವಾ ಇಮೇಲಿನಲ್ಲಿ ಸ್ವೀಕರಿಸುವುದು ಇನ್ನೊಂದು. ಕೊನೆಯ ದಿನಾಂಕ ಹತ್ತಿರವಿದ್ದರೆ ಎರಡನೆಯದನ್ನು ಮೊದಲು ಬರೆಯಿರಿ.

ಮೊದಲ ದೂರು ತಾಣದ ವೆಬ್ ಮಾಹಿತಿ ವ್ಯವಸ್ಥಾಪಕರಿಗೆ ಹೋಗಲಿ. ಮಾರ್ಗಸೂಚಿಯ ಪ್ರಕಾರ ಅವರ ಸಂಪರ್ಕ ವಿವರ ತಾಣದಲ್ಲಿರಬೇಕು. ಜೊತೆಗೆ ಕೇಂದ್ರದ ಇಲಾಖೆಯಾದರೆ ಕೇಂದ್ರ ಸರ್ಕಾರದ ಕುಂದುಕೊರತೆ ಜಾಲತಾಣವಾದ ಸಿಪಿಗ್ರಾಮ್ಸ್‌ನಲ್ಲಿ, ಕರ್ನಾಟಕದ ಇಲಾಖೆಯಾದರೆ ಜನಸ್ಪಂದನ ವ್ಯವಸ್ಥೆಯಲ್ಲಿ ಅಥವಾ 1902 ಸಹಾಯವಾಣಿಯಲ್ಲಿ ದಾಖಲಿಸಿ ಸಂಖ್ಯೆ ಪಡೆದುಕೊಳ್ಳಿ. ಸುಗಮ್ಯ ಭಾರತ ಆ್ಯಪ್ ಕೂಡ ಇಂಥ ದೂರುಗಳಿಗಾಗಿಯೇ ಇದೆ. ತಾಣಕ್ಕೆ ಸುಗಮ್ಯತೆ ತಪಾಸಣೆ ಆಗಿದೆಯೇ, ಆಗಿದ್ದರೆ ವರದಿಯ ಪ್ರತಿ ಕೊಡಿ ಎಂದು ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಕೇಳಬಹುದು. 30 ದಿನಗಳಲ್ಲಿ ಉತ್ತರ ಬರಬೇಕು. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದಗಳೊಳಗೆ ಇರಬೇಕೆಂಬುದನ್ನು ಮರೆಯಬೇಡಿ.

ಇವುಗಳಿಂದ ಫಲ ಸಿಗದಿದ್ದರೆ ಕೇಂದ್ರಕ್ಕೆ ಸಂಬಂಧಿಸಿದ ವಿಷಯದಲ್ಲಿ ವಿಕಲಚೇತನ ವ್ಯಕ್ತಿಗಳ ಮುಖ್ಯ ಆಯುಕ್ತರಿಗೆ, ರಾಜ್ಯಕ್ಕೆ ಸಂಬಂಧಿಸಿದ್ದರೆ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಿ. ಪ್ರತಿ ಸರ್ಕಾರಿ ಕಚೇರಿಯಲ್ಲಿ ಇರಬೇಕಾದ ಕುಂದುಕೊರತೆ ಅಧಿಕಾರಿಯ ಬಳಿಗೆ ಕೆಲವರು ಹೋಗುತ್ತಾರೆ, ಆದರೆ 23ನೇ ಕಲಮಿನ ಆ ವ್ಯವಸ್ಥೆ ಉದ್ಯೋಗದಲ್ಲಿನ ತಾರತಮ್ಯದ ದೂರುಗಳಿಗೆ ಸಂಬಂಧಿಸಿದ್ದು. ಆಯುಕ್ತರಿಗೆ ಸಾಕ್ಷಿಗಳನ್ನು ಕರೆಸುವುದು, ದಾಖಲೆ ತರಿಸಿಕೊಳ್ಳುವುದು ಮೊದಲಾದ ವಿಷಯಗಳಲ್ಲಿ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ, ದೂರು ಕೊಡಲು ವಕೀಲರೇ ಬೇಕೆಂದಿಲ್ಲ. ಅವರು ಮಾಡಿದ ಶಿಫಾರಸಿನ ಮೇಲೆ ಇಲಾಖೆ ಮೂರು ತಿಂಗಳಲ್ಲಿ ಕ್ರಮ ಕೈಗೊಂಡು ತಿಳಿಸಬೇಕು. ಒಪ್ಪದಿದ್ದರೆ ಕಾರಣಗಳನ್ನು ಅದೇ ಅವಧಿಯಲ್ಲಿ ಆಯುಕ್ತರಿಗೆ ತಿಳಿಸಿ, ದೂರುದಾರರಿಗೂ ಮಾಹಿತಿ ನೀಡಬೇಕು. ಆ ಉತ್ತರ ಬಾರದಿದ್ದಲ್ಲಿ ಶಿಫಾರಸಿನ ಪ್ರತಿ, ಮೊದಲ ದೂರಿನ ಸಂಖ್ಯೆ ಮತ್ತು ಮಾಹಿತಿ ಹಕ್ಕಿನ ಉತ್ತರಗಳೊಂದಿಗೆ ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸುವ ದಾರಿ ತೆರೆದಿರುತ್ತದೆ. ಆ ಹಂತದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಿದರೆ ವಿಕಲಚೇತನರಿಗೆ ಉಚಿತ ಕಾನೂನು ನೆರವು ದೊರೆಯುತ್ತದೆ.